ಕಿರುಬೆರಳಿನ ಹೆಸರು

ಆಗಸ್ಟ್ 3, ಭಾನುವಾರ

ಅಮ್ಮ ಹೋಗಿ ಎರಡು ತಿಂಗಳ ಮೇಲೆ ಹನ್ನೊಂದು ದಿನ. ಇನ್ನು ಈ ಜನ್ಮದಲ್ಲಿ ಚರ್ಚಿನ ಮೆಟ್ಟಿಲು ಹತ್ತುವ ಕೆಲಸವಿಲ್ಲ ಎಂದುಕೊಂಡಿದ್ದೆ. ಇವತ್ತು ಹತ್ತಿ, ಇಳಿದು, ಮೊಣಕಾಲು ನೋಯಿಸಿಕೊಂಡು ಬಂದೆ.

ಫಾದರ್ ಹೋದ ವಾರ ಫೋನ್ ಮಾಡಿದ್ದರು. "ನಿಮ್ಮಮ್ಮ ಹೋದ್ಮೇಲೆ ಕಿವಿ ಕೇಳದವರಲ್ಲಿ ಗುಂಡಿಯಮ್ಮ ಒಬ್ಬರೇ ಆಗ್ಬಿಟ್ಟಿದ್ದಾರೆ. ಪೂಜೆಲಿ ಏನು ನಡೀತಿದೆ ಅಂತ ಹೇಳೋರಿಲ್ಲ. ಸುಮ್ನೆ ಎಲ್ಲರ ಬೆನ್ನು ನೋಡ್ತಾ ಕೂತಿರ್ತಾರೆ." ಕೋರ್ಟು, ಆಸ್ಪತ್ರೆ, ಪೊಲೀಸ್ ಠಾಣೆ, ಕಿವಿ ಕೇಳದವರು ಎಲ್ಲಿ ಸಿಕ್ಕಿಹಾಕಿಕೊಂಡರೂ ಕರೆ ಬರುವುದು ನನಗೇ. ಅವರ ಸನ್ನೆಯನ್ನು ಮಾತು ಮಾಡುವುದು, ಇವರ ಮಾತನ್ನು ಸನ್ನೆ ಮಾಡುವುದು ನನ್ನ ಹೊಟ್ಟೆಪಾಡು. ಅಪ್ಪ, ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲವಾದ್ದರಿಂದ ಬಾಯಿಗಿಂತ ಮೊದಲು ನನ್ನ ಕೈ ಮಾತು ಕಲಿತಿತ್ತು.

ಇಪ್ಪತ್ತನೇ ವಯಸ್ಸಿಗೆ ನನ್ನ ನಂಬಿಕೆ ಹೋಯಿತು. ದುರಂತ ಗಿರಂತ ಏನೂ ಆಗಲಿಲ್ಲ. ಹಳೆಯ ಸ್ವೆಟರನ್ನು ಒಂದು ವರ್ಷ ಹಾಕದೆ ಇಟ್ಟು, ಆಮೇಲೆ ತೆಗೆದರೆ ಮೈಗೆ ಹಿಡಿಯದೆ ಹೋಗುತ್ತದಲ್ಲ, ಹಾಗೆ. ಆದರೂ ಮೂವತ್ತಮೂರು ವರ್ಷ ಪ್ರತಿ ಭಾನುವಾರ ಅಮ್ಮನ ಎದುರು ನಿಂತು ಇಡೀ ಪೂಜೆಯನ್ನು ಕೈಯಲ್ಲಿ ಹೇಳಿದ್ದೇನೆ. ಈ ಊರಿನಲ್ಲಿ ನನ್ನ ಕೈಗಳಷ್ಟು ದೇವರ ಹೆಸರು ಹೇಳಿದವು ಬೇರೆ ಇಲ್ಲ. ಅಮ್ಮನಿಗೆ ವಿಷಯ ಗೊತ್ತಿತ್ತು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಗುಂಡಿಯಮ್ಮ ಇವತ್ತು ಮುಂದಿನ ಬೆಂಚಿಗೆ ಬಂದು ಕೂತಿದ್ದರು. ನಲವತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿದವರು. ನಮ್ಮವರಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿರುತ್ತದೆ. ಅವರದು, ಕೊರಳ ಹತ್ತಿರ ಎರಡು ಬೆರಳಲ್ಲಿ ಗುಂಡಿ ಹಾಕಿದ ಹಾಗೆ. ನನ್ನದು ಅಮ್ಮ ಇಟ್ಟದ್ದು, ಎಡಗೆನ್ನೆಯ ಮಚ್ಚೆಯ ಮೇಲೆ ಬೆರಳಿಂದ ಎರಡು ಸಲ ತಟ್ಟುವುದು. ಅವರು ನನ್ನನ್ನು ನೋಡಿದ ಕೂಡಲೇ ತಮ್ಮ ಕೆನ್ನೆ ತಟ್ಟಿದರು. ಎರಡು ತಿಂಗಳಿಂದ ಯಾರೂ ನನ್ನನ್ನು ಆ ಹೆಸರಿಂದ ಕರೆದಿರಲಿಲ್ಲ. ನಾನೂ ಕೊರಳ ಹತ್ತಿರ ಗುಂಡಿ ಹಾಕಿ ಅವರ ಹೆಸರು ಹೇಳಿದೆ.

ಆಗಸ್ಟ್ 10, ಭಾನುವಾರ

ಮಾನ ಹೋಯಿತು.

ಇವತ್ತು ಫಾದರ್ ಪ್ರಸಂಗದಲ್ಲಿ, ಅಂದರೆ ಪೂಜೆಯ ನಡುವಿನ ಉಪದೇಶದಲ್ಲಿ, ನಂಬಿಕೆಯಿಲ್ಲದವರನ್ನು ಹಿಡಿದುಕೊಂಡರು. ದೇವರಿಲ್ಲದವನ ಒಳ್ಳೆಯತನ ಬ್ರೇಕಿಲ್ಲದ ಲಾರಿಯಂತೆ, ಇಳಿಜಾರು ಬರುವ ತನಕ ಚೆನ್ನಾಗಿಯೇ ಓಡುತ್ತದೆ, ಮೇಲೊಬ್ಬ ನೋಡುತ್ತಿದ್ದಾನೆ ಎಂಬ ಭಯವಿಲ್ಲದವನ ಮಾತನ್ನು ಯಾವ ಧೈರ್ಯದಲ್ಲಿ ನಂಬುತ್ತೀರಿ ಎಂದೆಲ್ಲ ಬೆರಳಾಡಿಸಿ ಗದರಿದರು. ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ಅದೇ ಬ್ರೇಕಿಲ್ಲದ ಲಾರಿ ನಿಂತುಕೊಂಡು ಅವರ ಮಾತಿಗೆ ಕೈಯಾಡಿಸಬೇಕು! ನನಗೆ ಮೈ ಉರಿಯಿತು. ದೇವರು ಎಲ್ಲರನ್ನೂ ಪ್ರೀತಿಸುತ್ತಾನೆ, ಯಾರನ್ನೂ ದೂರ ತಳ್ಳುವುದಿಲ್ಲ ಎಂದು ನನಗೆ ಬೇಕಾದ್ದನ್ನು ಹೇಳಿಬಿಟ್ಟೆ.

ಪೂಜೆ ಮುಗಿದ ಮೇಲೆ ಗುಂಡಿಯಮ್ಮ ಮೆಟ್ಟಿಲಿನ ಮೇಲೆ ನನ್ನ ತೋಳು ಹಿಡಿದು ಕೂರಿಸಿದರು.

"ಅವರ ಮುಖ ಬೈತಿತ್ತು. ನಿನ್ನ ಕೈ ಮುದ್ದು ಮಾಡ್ತಿತ್ತು. ಎರಡರಲ್ಲಿ ಸುಳ್ಳು ಯಾವುದು?"

ಒಪ್ಪಿಕೊಂಡೆ. ಅವರು ಹೇಳಿದ್ದೇನು, ನಾನು ಯಾಕೆ ಬದಲಾಯಿಸಿದೆ, ನನಗೆ ನಂಬಿಕೆಯಿಲ್ಲ ಎಂಬುದು, ಎಲ್ಲ. ಗುಂಡಿಯಮ್ಮನಿಗೆ ಕೊನೆಯದು ಹೊಸ ಸುದ್ದಿ ಅನಿಸಲಿಲ್ಲ.

"ನಂಬೋದು ಬಿಡೋದು ನಿನ್ನಿಷ್ಟ. ಆದ್ರೆ ನನಗೆ ಅವರದ್ದನ್ನೇ ಕೊಡು. ಕೊಳೆತಿದ್ರೂ ಅದನ್ನೇ ಕೊಡು. ನುಂಗಬೇಕೋ ಉಗೀಬೇಕೋ ನಾನು ನೋಡ್ಕೋತೀನಿ. ಎಪ್ಪತ್ತೆಂಟು ವರ್ಷದಿಂದ ಕಿವಿ ಇರೋರೆಲ್ಲ ನನಗೆ ಸೋಸಿ ಸೋಸಿ ಕೊಟ್ಟಿದ್ದಾರೆ. ನೀನೂ ಹಾಗೇ ಮಾಡಿದ್ರೆ ನಾನೆಲ್ಲಿ ಹೋಗ್ಲಿ?"

ಆಮೇಲೆ, "ನಿಮ್ಮಮ್ಮನಿಗೂ ಹೀಗೇ ಮಾಡ್ತಿದ್ಯಾ?"

ಆಗಾಗ ಎಂದೆ. ಅವರು ಎದ್ದು ಹೋದರು. ಅಮ್ಮನಿಗೆ ನಾನು ತಪ್ಪಿಸಿದ ಪ್ರಸಂಗಗಳೆಲ್ಲ ಮಧ್ಯಾಹ್ನದಿಂದ ಒಂದೊಂದಾಗಿ ನೆನಪಿಗೆ ಬರುತ್ತಿವೆ. ಅವಳ ಒಳ್ಳೆಯದಕ್ಕೇ ಎಂದುಕೊಂಡಿದ್ದೆ.

ಆಗಸ್ಟ್ 13, ಬುಧವಾರ

ಕೋರ್ಟಿನಲ್ಲಿ ಮೂರು ಗಂಟೆ. ನಮ್ಮ ಕೆಲಸದ ನಿಯಮ, ಅವರು ‘ನಾನು’ ಅಂದರೆ ನಾವೂ ‘ನಾನು’ ಅನ್ನಬೇಕು. "ನಾನು ಅವನನ್ನು ಹೊಡೆದೆ" ಎಂದು ಜೋರಾಗಿ ಹೇಳಿ ಮನೆಗೆ ಬಂದೆ. ಇಡೀ ದಿನದಲ್ಲಿ ಒಂದು ‘ನಾನು’ ಕೂಡ ನನ್ನದಲ್ಲ.

ಮನೆಯ ಗಂಟೆ ಒತ್ತಿದರೆ ಸದ್ದಾಗುವುದಿಲ್ಲ, ಅಡುಗೆಮನೆಯ ದೀಪ ಮಿನುಗುತ್ತದೆ. ಅಪ್ಪ ಹಾಕಿಸಿದ ವ್ಯವಸ್ಥೆ. ಸಂಜೆ ಬಾಗಿಲು ತೆರೆದಿಟ್ಟು, ಹೊರಗೆ ಹೋಗಿ, ನಾನೇ ಒತ್ತಿ ಇಣುಕಿ ನೋಡಿದೆ. ಮಿನುಗಿತು. ಕೆಟ್ಟಿಲ್ಲ. ಬರುವವರಿಲ್ಲ, ಅಷ್ಟೇ.

ಆಗಸ್ಟ್ 17, ಭಾನುವಾರ

ಇವತ್ತು ಒಂದಕ್ಷರವೂ ಆಚೀಚೆ ಮಾಡಲಿಲ್ಲ. ಪ್ರಸಂಗ ನೀರಸವಾಗಿತ್ತು, ಅದನ್ನೂ ಹಾಗೆಯೇ ನೀರಸವಾಗಿ ದಾಟಿಸಿದೆ. ಗುಂಡಿಯಮ್ಮ ನಡುವೆ ಒಮ್ಮೆ ಆಕಳಿಸಿ ನನ್ನತ್ತ ಕಣ್ಣು ಮಿಟುಕಿಸಿದರು. ರಾಜಿಯಾಯಿತು.

ಮೆಟ್ಟಿಲಿನ ಮೇಲೆ ಅರ್ಧ ಗಂಟೆ ಹರಟೆ. ಎಲ್ಲವೂ ಮಗಳ ಸುದ್ದಿ. ಮಗಳು ಎರಡು ಗಂಟೆ ದೂರದ ಪಟ್ಟಣದಲ್ಲಿ ಔಷಧಿ ಅಂಗಡಿ ಇಟ್ಟಿದ್ದಾಳೆ. ಹೊಸ ಫ್ರಿಜ್ ತಗೊಂಡಳಂತೆ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲವಂತೆ, ತಲೆಗೂದಲು ಉದುರುತ್ತಿದೆಯಂತೆ. ಇದನ್ನೆಲ್ಲ ಅವಳು ತಿಂಗಳಿಗೊಮ್ಮೆ ಬಂದು ಚೀಟಿಯಲ್ಲಿ ಬರೆದು ತೋರಿಸುತ್ತಾಳೆ. ಮಗಳಿಗೆ ಸನ್ನೆ ಬರುವುದಿಲ್ಲ. ನಾಲ್ಕು ವರ್ಷದವಳಿದ್ದಾಗ ಮಾತು ಕಲಿಯಲೆಂದು ದೊಡ್ಡಮ್ಮನ ಮನೆಗೆ ಕಳಿಸಿದರು. ತಾಯಿಯ ಜೊತೆ ಕೈಯಾಡಿಸಿದರೆ ನಾಲಗೆ ತಿರುಗುವುದಿಲ್ಲ ಎಂದು ಶಾಲೆಯವರು ಹೆದರಿಸಿದ್ದರಂತೆ.

ಮಗಳ ಸನ್ನೆಯ ಹೆಸರನ್ನು ಗುಂಡಿಯಮ್ಮ ಅರ್ಧ ಗಂಟೆಯಲ್ಲಿ ಇಪ್ಪತ್ತು ಸಲವಾದರೂ ಹೇಳಿರಬೇಕು. ಒಂದು ಕೈಯ ಕಿರುಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು ಮೆಲ್ಲಗೆ ಎರಡು ಸಲ ಎಳೆಯುವುದು. ಹುಟ್ಟಿದ ಗಳಿಗೆಯಲ್ಲಿ ಮಗು ತಾಯಿಯ ಕಿರುಬೆರಳು ಹಿಡಿದುಕೊಂಡು ಬಿಡಲೇ ಇಲ್ಲವಂತೆ.

"ಅವಳಿಗೆ ಗೊತ್ತಾ ಈ ಹೆಸರು?" ಎಂದು ಕೇಳಿದೆ.

"ಚೀಟಿಲಿ ಹೇಗೆ ಬರೀಲಿ?" ಎಂದರು.

ಆಗಸ್ಟ್ 26, ಮಂಗಳವಾರ

ಗುಂಡಿಯಮ್ಮನಿಗೆ ನಿನ್ನೆ ಪಾರ್ಶ್ವವಾಯು. ಬಲಗೈ ಪೂರ್ತಿ ಬಿದ್ದುಹೋಗಿದೆ. ಡಾಕ್ಟರು ಪಕ್ಕಕ್ಕೆ ಕರೆದು, ಹೆಚ್ಚು ದಿನ ಇಲ್ಲ ಎಂದರು. ನಾನು ಬೆಡ್ಡಿನ ಬಳಿ ಬಂದೊಡನೆ ಅವರ ಕಣ್ಣುಗಳು ನನ್ನ ಕೈ ಮೇಲೆ ನಿಂತವು. ಸೋಸಲಿಲ್ಲ. ಡಾಕ್ಟರು ಹೇಳಿದ್ದನ್ನು ಹೇಳಿದೆ. ನನ್ನವರೆನ್ನುವವರಿಗೆ ಕೆಟ್ಟ ಸುದ್ದಿಯನ್ನು ಹಾಗೆ ಹೇಳಿದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು. ಅವರು ತಲೆಯಾಡಿಸಿದರು.

ಆಮೇಲೆ ಎಡಗೈ ಚಾಚಿ ನನ್ನ ಕಿರುಬೆರಳು ಹಿಡಿದು ಎರಡು ಸಲ ಎಳೆದರು. ನನಗೆ ಗೊತ್ತಾಗಲು ಅರೆಗಳಿಗೆ ಬೇಕಾಯಿತು. ಆ ಹೆಸರಿಗೆ ಎರಡು ಕೈ ಬೇಕು, ಅವರಿಗೆ ಉಳಿದದ್ದು ಒಂದು. ಬೆರಳನ್ನು ನನ್ನಿಂದ ಸಾಲ ತೆಗೆದುಕೊಂಡಿದ್ದರು. ಮಗಳು ಬಂದಳಾ ಎಂದು ಕೇಳುತ್ತಿದ್ದರು. ನಾಳೆ ಸಂಜೆಗೆ ಬರುತ್ತಾಳೆ ಎಂದೆ.

ಫಾದರ್ ಬಂದಾಗ ಗುಂಡಿಯಮ್ಮ ಪಾಪನಿವೇದನೆ ಮಾಡಬೇಕೆಂದರು. ಇಷ್ಟು ವರ್ಷ ತಮ್ಮ ತಪ್ಪುಗಳನ್ನು ಕಾಗದದಲ್ಲಿ ಬರೆದುಕೊಡುತ್ತಿದ್ದರು, ಫಾದರ್ ಓದಿ ಸುಡುತ್ತಿದ್ದರು. ಈಗ ಬರೆಯಲಾಗದು. ಒಂಟಿ ಎಡಗೈಯ ಅರೆಬರೆ ಸನ್ನೆಯನ್ನು ಓದಬಲ್ಲವಳು ನಾನೊಬ್ಬಳೇ.

ಫಾದರ್ ನನ್ನನ್ನು ಕಾರಿಡಾರಿಗೆ ಕರೆದರು. "ನಡುವೆ ನಿಂತು ಹೇಳೋರಿಗೂ ನನ್ನಷ್ಟೇ ಗುಟ್ಟಿನ ಕಟ್ಟು ಇರುತ್ತೆ. ಸಾಯೋವರೆಗೆ. ದೇವರ ಮೇಲೆ ಆಣೆ ಮಾಡ್ತೀರಾ?"

"ನನಗೆ ನಂಬಿಕೆ ಇಲ್ಲ ಫಾದರ್. ಆಣೆ ಮಾಡಿದ್ರೆ ಅದೇ ಮೊದಲ್ನೇ ಸುಳ್ಳಾಗುತ್ತೆ."

ಅವರ ಮುಖದಲ್ಲಿ ಆ ಬ್ರೇಕಿಲ್ಲದ ಲಾರಿ ಹಾದುಹೋದದ್ದು ಕಂಡಿತು. ಒಳಗೆ ಹೋಗಿ ಗುಂಡಿಯಮ್ಮನ ಮುಂದೆ ನಿಂತರು. ಬೇರೆ ಯಾರನ್ನಾದರೂ ಹುಡುಕೋಣವೇ, ಇವರಿಗೆ ನಂಬಿಕೆ ಇಲ್ಲ ಎಂದರು. ಆ ಮಾತನ್ನೂ ನಾನೇ ದಾಟಿಸಬೇಕಾಯಿತು. ಗುಂಡಿಯಮ್ಮನ ಉತ್ತರವನ್ನೂ ನಾನೇ ಜೋರಾಗಿ ಹೇಳಿದೆ: "ಗೊತ್ತು. ನನಗೆ ಇವಳೇ ಬೇಕು. ನಿಮ್ಮ ಪ್ರಸಂಗದಲ್ಲಿ ಕದ್ದಳು, ಕೇಳಿದ ತಕ್ಷಣ ಒಪ್ಪಿಕೊಂಡಳು."

"ಹಾಗಾದ್ರೆ ಮಾತು ಕೊಡಿ," ಎಂದರು ಫಾದರ್.

ಕೊಟ್ಟೆ. ಫಾದರ್ ನನ್ನನ್ನೇ ನೋಡುತ್ತಿದ್ದರು. ನಾನು ಮಾತು ಕೊಟ್ಟದ್ದು ಗುಂಡಿಯಮ್ಮನ ಕಡೆ ತಿರುಗಿ.

ಆಗಸ್ಟ್ 27, ಬುಧವಾರ

ಬೆಳಗ್ಗೆ ಹತ್ತಕ್ಕೆ ಬೆಡ್ಡಿನ ಸುತ್ತ ಪರದೆ ಎಳೆದರು. ಹನ್ನೊಂದು ಆಗುವ ಮೊದಲು ಪಾಪನಿವೇದನೆ ಮುಗಿಯಿತು. ಫಾದರ್ ಗುಂಡಿಯಮ್ಮನ ಹಣೆಗೆ ಕೊನೆಗಾಲದ ಎಣ್ಣೆ ಹಚ್ಚಿದರು. ಫಾದರ್ ಮಾತನ್ನು ಕೈಗೆ, ಗುಂಡಿಯಮ್ಮನ ಕೈಯನ್ನು ಮಾತಿಗೆ. ನಾನು, ನಾನು, ನಾನು ಎಂದು ಎಷ್ಟು ಸಲ ಅಂದೆನೋ.

ಮನೆಗೆ ಬಂದು, ಪರದೆಯೊಳಗೆ ಆಡಿದ್ದನ್ನು ಇಲ್ಲಿ ಒಂದು ಸಾಲು ಬರೆಯಹೊರಟಿದ್ದೆ. ಬರೆದು ಮುಗಿಸುವ ಮೊದಲೇ ಹಾಳೆ ಹರಿದೆ. ಹರಿದದ್ದನ್ನು ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ಮುದ್ದೆ ಮಾಡಿ ಎಸೆದೆ. ಈ ಪುಸ್ತಕ ಓದುವವರು ಯಾರು? ನಾನೊಬ್ಬಳೇ. ಓದುವವಳಿಗೆ ಆಗಲೇ ಎಲ್ಲ ಗೊತ್ತು. ಮತ್ತೆ ಯಾರಿಂದ ಬಚ್ಚಿಟ್ಟಂತಾಯಿತು? ತಲೆ ಕೆಟ್ಟಿದೆ ನನಗೆ.

ಆಗಸ್ಟ್ 31, ಭಾನುವಾರ

ಗುಂಡಿಯಮ್ಮ ಶುಕ್ರವಾರ ಮಧ್ಯಾಹ್ನ ಹೋದರು. ನಿನ್ನೆ ಮಣ್ಣು ಮಾಡಿದರು. ಫಾದರ್ ಒಳ್ಳೆಯ ಮಾತು ಆಡಿದರು, ದಾಟಿಸಬೇಕಾದವರು ಯಾರೂ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೋಟಿನ ಜೇಬಿಗೆ ತುರುಕಿಕೊಂಡೆ.

ನನ್ನ ಕೆನ್ನೆಯ ಹೆಸರು ಗೊತ್ತಿದ್ದವರು ಇನ್ನು ಯಾರೂ ಉಳಿದಿಲ್ಲ.

ಸೆಪ್ಟೆಂಬರ್ 4, ಗುರುವಾರ

ಸಂಜೆ ಐದಕ್ಕೆ ಅಡುಗೆಮನೆಯ ದೀಪ ಮಿನುಗಿತು. ಬಲ್ಬು ಹಾಳಾಯಿತೇನೋ ಎಂದು ಮೊದಲು ಸ್ಟೂಲು ಹತ್ತಲು ಹೊರಟಿದ್ದೆ. ಬಾಗಿಲಲ್ಲಿ ಗುಂಡಿಯಮ್ಮನ ಮಗಳು. ನಲವತ್ತೈದರ ಆಸುಪಾಸು, ತಾಯಿಯದೇ ಹಣೆ, ಕೂತರೂ ಕೈಚೀಲ ಬಿಡದ ಗಡಿಬಿಡಿ.

ಚಹಾ ಮುಟ್ಟಲಿಲ್ಲ. ನೇರ ವಿಷಯಕ್ಕೆ ಬಂದಳು. ಹನ್ನೆರಡು ವರ್ಷದ ಹಿಂದೆ ತನ್ನ ಮದುವೆಯಲ್ಲಿ ಗಂಡಿನ ಕಡೆಯವರಿಗೆ ದೊಡ್ಡಮ್ಮನನ್ನೇ ಅಮ್ಮ ಎಂದು ಪರಿಚಯಿಸಿದಳಂತೆ. ಅಮ್ಮನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದಳಂತೆ.

"ಆಮೇಲೆ ಎಲ್ಲರಿಗೂ ಗೊತ್ತಾಯ್ತು ಅಕ್ಕ. ಯಾರೂ ಏನೂ ಅನ್ನಲಿಲ್ಲ. ಅಮ್ಮನೂ ಅನ್ನಲಿಲ್ಲ. ಒಂದು ಚೀಟಿಲಾದ್ರೂ ಬೈದಿದ್ರೆ ಆಗ್ತಿತ್ತು. ಕೊನೇಲಿ ನಿಮ್ಮ ಕೈಲಿ ಪಾಪನಿವೇದನೆ ಮಾಡಿಸಿದಳಂತೆ. ನನ್ನ ಬಗ್ಗೆ ಏನಾದ್ರೂ ಹೇಳಿದಳಾ? ಮನಸ್ಸಲ್ಲಿ ಸಿಟ್ಟು ಇಟ್ಕೊಂಡೇ ಹೋದಳಾ?"

"ಅದನ್ನ ನಾನು ಹೇಳೋ ಹಾಗಿಲ್ಲಮ್ಮ."

"ಹೌದು, ಇಲ್ಲ, ಅಷ್ಟೇ. ಬಾಯಿ ಬಿಡಬೇಡಿ. ತಲೆ ಆಡಿಸಿ, ಸಾಕು."

ತಲೆ ಅಲ್ಲಾಡದಂತೆ ಗಲ್ಲಕ್ಕೆ ಕೈ ಕೊಟ್ಟು ಕೂತೆ.

"ಕ್ಷಮಿಸಿದ್ರೆ ಹೇಳ್ತಿದ್ರಿ. ಅಂದ್ರೆ ಕ್ಷಮಿಸಿಲ್ಲ."

"ಹಾಗಂತ ನಾನು ಹೇಳಲಿಲ್ಲ."

ಅವಳು ಎದ್ದಳು. "ನಿಮಗೆ ದೇವರೇ ಇಲ್ಲವಂತೆ. ಅಮ್ಮನೇ ಹೋದ ತಿಂಗಳು ಬರೆದು ತೋರಿಸಿದ್ದಳು. ಫಾದರ್ ಹೇಳದೇ ಇದ್ರೆ ಅರ್ಥ ಆಗುತ್ತೆ, ಅವರಿಗೆ ನರಕದ ಭಯ. ನೀವು ಯಾರಿಗೆ ಹೆದರಿ ಹೀಗೆ ಕಲ್ಲಿನ ಹಾಗೆ ಕೂತಿದ್ದೀರಿ?"

ಬಾಗಿಲು ಧಡಾರನೆ ಹಾಕಿಕೊಂಡು ಹೋದಳು. ಅವಳ ಚಹಾವನ್ನೂ ನಾನೇ ಕುಡಿದೆ.

ಸೆಪ್ಟೆಂಬರ್ 7, ಭಾನುವಾರ

ಮೂರು ದಿನದಿಂದ ಒಂದೇ ಯೋಚನೆ. ‘ನಿಮ್ಮಮ್ಮ ನಿಮ್ಮನ್ನು ಹರಸಿ ಹೋದರು’ ಎಂದರೆ ಆಯಿತು. ಪರದೆಯ ಹಿಂದೆ ಬಂದ ಮಾತು ಅದೇ ಇರಲಿ, ಬೇರೆ ಇರಲಿ, ಹೆಂಗಸು ನೆಮ್ಮದಿಯಾಗಿ ಉಣ್ಣುತ್ತಾಳೆ. ಸತ್ತವರು ಎದ್ದು ಬಂದು ಕೇಳುವುದಿಲ್ಲ. ಮೇಲೆ ಯಾರೂ ಇಲ್ಲದಿದ್ದರೆ ಕೇಳುವವರೇ ಇಲ್ಲ. ನನ್ನ ಲೆಕ್ಕದಲ್ಲಿ ಯಾರೂ ಇಲ್ಲ. ಮತ್ತೇಕೆ ನಾಲಗೆ ಏಳುವುದಿಲ್ಲ?

ಚರ್ಚಿಗೆ ಹೋಗುವ ಕಾರಣವೇ ಇರಲಿಲ್ಲ. ಹೋದೆ. ಪೂಜೆ ಮುಗಿದ ಮೇಲೆ ಫಾದರ್ ಬೆಂಚು ಸರಿಪಡಿಸುತ್ತ ನನ್ನ ಬಳಿ ಬಂದರು.

"ಮಗಳು ನನ್ನ ಹತ್ರಾನೂ ಬಂದಿದ್ದಳು. ನೀವು ತುಟಿ ಪಿಟಕ್ ಅನ್ನಲಿಲ್ಲ ಅಂತ ಬೈದಳು." ಇನ್ನೊಂದು ಬೆಂಚು ಸರಿಸಿದರು. "ಆ ಲಾರಿ ಮಾತು... ಅದನ್ನ ನಾನು ಹಾಗೆ ಹೇಳಬಾರದಿತ್ತು."

"ಬ್ರೇಕು ಎಲ್ಲಿದೆ ಅಂತ ನನಗೂ ಗೊತ್ತಿಲ್ಲ ಫಾದರ್. ಹಿಡ್ಕೊಂಡಿದೆ ಅಷ್ಟೇ."

"ದೇವರು ಹಿಡಿದಿದ್ದಾನೆ ಅಂತ ನಾನು ಅಂದ್ಕೋತೀನಿ."

"ಅಂದ್ಕೊಳ್ಳಿ. ನನ್ನದೇನೂ ಅಡ್ಡಿಯಿಲ್ಲ."

ಇಬ್ಬರೂ ನಕ್ಕೆವು. ನಗು ಬಹಳ ಹೊತ್ತು ಉಳಿಯಲಿಲ್ಲ. ಅವರಿಗಾದರೂ ಪ್ರಾರ್ಥನೆ ಮಾಡಲು ಒಬ್ಬನಿದ್ದಾನೆ.

ಮನೆಗೆ ನಡೆದು ಬರುವಾಗ ನನಗೆ ಎಂಟು ವರ್ಷವಿದ್ದಾಗ ನಡೆದದ್ದು ನೆನಪಾಯಿತು. ಅಪ್ಪ ಬಾಡಿಗೆ ಮನೆ ಕೇಳಲು ನನ್ನನ್ನು ಕರೆದುಕೊಂಡು ಹೋಗಿದ್ದರು. ‘ಮೂಗರಿಗೆಲ್ಲ ಮನೆ ಕೊಡಲ್ಲ, ಹೋಗು’ ಎಂದ ಮನೆಯವನು. ಅಪ್ಪನಿಗೆ ನಾನು ‘ಮನೆ ಖಾಲಿ ಇಲ್ಲವಂತೆ’ ಎಂದೆ. ಬಾಗಿಲ ಮೇಲೆ ಮನೆ ಖಾಲಿ ಇದೆ ಎಂಬ ಬೋರ್ಡು ಹಾಗೆಯೇ ತೂಗುತ್ತಿತ್ತು. ಮರುದಿನ ಅಪ್ಪ ಕೂದಲು ಬಾಚಿಕೊಂಡು, ಏನೋ ತಪ್ಪು ತಿಳಿವಳಿಕೆ ಆಗಿದೆ ಎಂದು ಒಬ್ಬರೇ ಮತ್ತೆ ಹೋದರು. ವಾಪಸು ಬಂದಾಗ ಅವರ ಮುಖ ಹೇಗಿತ್ತು ಎಂಬುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬೈಯಲಿಲ್ಲ. ‘ಇನ್ನು ಮೇಲೆ ಹಾಗೆ ಮಾಡಬೇಡ’ ಎಂದರು, ಅಷ್ಟೇ. ಮಗಳ ಪ್ರಶ್ನೆಗೆ ಇದು ಉತ್ತರವೋ ಅಲ್ಲವೋ ತಿಳಿಯದು. ಭಯವಂತೂ ಅಲ್ಲ. ಆ ಮುಖವನ್ನು ಇನ್ನೊಮ್ಮೆ ನೋಡಲಾರೆ, ಸತ್ತವರದ್ದಾದರೂ.

ಸೆಪ್ಟೆಂಬರ್ 12, ಶುಕ್ರವಾರ

ದಡ್ಡಿ ನಾನು, ಶುದ್ಧ ದಡ್ಡಿ. ಹೇಳಬಾರದ್ದನ್ನು ಕಾಯುವುದರಲ್ಲೇ ಮುಳುಗಿ, ಹೇಳಬಹುದಾದ್ದನ್ನು ಮರೆತೇಬಿಟ್ಟಿದ್ದೆ.

ಬೆಳಗ್ಗೆ ಪಾತ್ರೆ ತೊಳೆಯುವಾಗ ಹೊಳೆಯಿತು. ಆ ಬುಧವಾರ ಹತ್ತರಿಂದ ಹನ್ನೊಂದರವರೆಗಿನದ್ದು ನನ್ನದಲ್ಲ. ಮಿಕ್ಕ ಭಾನುವಾರಗಳೆಲ್ಲ? ಮೆಟ್ಟಿಲ ಮೇಲಿನ ಹರಟೆ? ಮಂಗಳವಾರ ಆಸ್ಪತ್ರೆಯಲ್ಲಿ? ಒಂದೊಂದನ್ನೂ ತೂಗಿ ನೋಡಿದೆ. ಮಗಳ ಆ ಕಿರುಬೆರಳಿನ ಹೆಸರು ಪರದೆಯ ಒಳಗೆ ಬಂತೋ ಇಲ್ಲವೋ, ಅದನ್ನು ಇಲ್ಲಿಯೂ ಬರೆಯುವುದಿಲ್ಲ. ಹೊರಗೆ ಬಂದದ್ದಂತೂ ನೂರು ಸಲ. ಅದು ನಾಲ್ಕು ಜನರೆದುರು ಮೆಟ್ಟಿಲ ಮೇಲೆ ಆಡಿದ ಮಾತು.

ನಾಳೆ ಬಸ್ಸು ಎಂಟೂವರೆಗೆ.

ಸೆಪ್ಟೆಂಬರ್ 13, ಶನಿವಾರ

ಪುಟ್ಟ ಅಂಗಡಿ, ಸೂರಿನ ತನಕ ಔಷಧಿ ಡಬ್ಬಿಗಳು. ನನ್ನನ್ನು ಕಂಡು ಅವಳ ಮುಖ ಗಂಟಾಯಿತು. ಗಿರಾಕಿಗಳು ಹೋಗುವವರೆಗೆ ಕೆಮ್ಮಿನ ಔಷಧಿಯ ಬಾಟಲಿಗಳನ್ನು ಓದುತ್ತ ನಿಂತೆ.

"ಅವತ್ತು ಕೇಳಿದ್ದಕ್ಕೆ ಇವತ್ತೂ ಉತ್ತರ ಇಲ್ಲ," ಎಂದೆ. "ಸಾಯೋವರೆಗೂ ಇರಲ್ಲ. ಅದರಿಂದ ಹೌದು ಅಂತಾನೂ ತಿಳ್ಕೋಬೇಡಿ, ಇಲ್ಲ ಅಂತಾನೂ ತಿಳ್ಕೋಬೇಡಿ. ಬೇರೆ ಒಂದು ವಿಷಯ ಇದೆ. ನಿಮಗೊಂದು ಹೆಸರಿದೆ, ಗೊತ್ತಾ?"

"ಏನು ಹೆಸರು?"

ಮೆಟ್ಟಿಲ ಮೇಲಿನ ಹರಟೆಯನ್ನೆಲ್ಲ ಹೇಳಿದೆ. ಫ್ರಿಜ್ಜು, ಉದುರುವ ಕೂದಲು, ಹೊತ್ತಿಗೆ ಸರಿಯಾಗಿ ಉಣ್ಣದ್ದು. ಹುಟ್ಟಿದ ಗಳಿಗೆಯಲ್ಲಿ ಬೆರಳು ಹಿಡಿದು ಬಿಡದಿದ್ದದ್ದು. ಆಮೇಲೆ ಕೌಂಟರಿನ ಮೇಲೆ ಎರಡೂ ಕೈಯಿಟ್ಟು ಅವಳ ಹೆಸರು ಹೇಳಿ ತೋರಿಸಿದೆ. ಕಿರುಬೆರಳು, ಮುಷ್ಟಿ, ಎರಡು ಸಲ ಮೆಲ್ಲಗೆ.

ಅವಳ ಮುಖದ ಬಣ್ಣ ಇಳಿಯಿತು. "ಇನ್ನೊಂದ್ಸಲ ಮಾಡಿ."

ಮಾಡಿದೆ.

"ಆಸ್ಪತ್ರೆಲಿ... ಗುರುವಾರ ಪೂರ್ತಿ... ನನ್ನ ಕಿರುಬೆರಳು ಹಿಡಿದು ಎಳೀತಾನೇ ಇದ್ದಳು ಅಕ್ಕ. ನೀರು ಬೇಕೇನೋ ಅಂತ ನೀರು ಕುಡಿಸಿದೆ. ಮತ್ತೆ ಎಳೆದಳು. ಈ ಕಾಯಿಲೇಲಿ ಹೀಗೆ ಏನಾದ್ರೂ ಹಿಡ್ಕೊಂಡು ಎಳೀತಾರೆ ಅಂದ್ರು ನರ್ಸು. ನಾನು... ನಾನು ಬೆರಳು ಬಿಡಿಸ್ಕೊಂಡೆ. ಸೆರಗಲ್ಲಿ ಮುಚ್ಚಿಟ್ಕೊಂಡೆ."

ಇದು ನನಗೆ ಗೊತ್ತಿರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು, ನೀರಿಗೇ ಇರಬೇಕು ಬಿಡಿ ಎನ್ನಬಹುದಿತ್ತು. ಸೋಸಬೇಡ ಎಂದದ್ದು ಅವಳ ತಾಯಿಯೇ.

"ಕರೀತಿದ್ರು," ಎಂದೆ. "ನಿನ್ನ ಹೆಸರು ಹಿಡಿದು ಕರೀತಿದ್ರು. ನೀನು ಬರೋಕೆ ಮುಂಚೆ ಮಂಗಳವಾರ ನನ್ನ ಬೆರಳು ಎಳೆದು ನಿನ್ನನ್ನೇ ಕೇಳಿದ್ರು. ಅವರಿಗೆ ಒಂದೇ ಕೈ ಉಳಿದಿತ್ತು."

ಅಷ್ಟರಲ್ಲಿ ಮುದುಕರೊಬ್ಬರು ಚೀಟಿ ಹಿಡಿದು ಬಂದರು. ಅವಳು ಡಬ್ಬಿ ತೆಗೆದಳು, ತಾರೀಖು ನೋಡಿದಳು, ಬೆಳಗ್ಗೆ ಒಂದು ರಾತ್ರಿ ಒಂದು, ಊಟ ಆದ್ಮೇಲೆ ಎಂದಳು, ಚಿಲ್ಲರೆ ಕೊಟ್ಟಳು. ಅವರು ಮೆಟ್ಟಿಲಿಳಿದ ಮೇಲೆ ಸ್ಟೂಲಿನ ಮೇಲೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ. ನಾನು ಯಾರಿಗಾಗಿ ಅತ್ತೆನೋ, ಅವಳಮ್ಮನಿಗೋ ನಮ್ಮಮ್ಮನಿಗೋ.

ಒಳ್ಳೆಯದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ ಬಸ್ಸಿನ ಎರಡು ಗಂಟೆಯೂ ತಿಳಿಯಲಿಲ್ಲ. ಮನೆಗೆ ಬಂದು ನೋಡಿದರೆ ಕೈಗಳು ಮಡಿಲಲ್ಲಿ ತಮ್ಮಷ್ಟಕ್ಕೆ ತಾವೇ ಅಮ್ಮನ ಪ್ರಾರ್ಥನೆ ಹೇಳುತ್ತಿದ್ದವು. ಬೈದು ನಿಲ್ಲಿಸಲಿಲ್ಲ, ಬಿಟ್ಟೆ.

ಸೆಪ್ಟೆಂಬರ್ 28, ಭಾನುವಾರ

ಅಡುಗೆಮನೆಯ ದೀಪ ಮಿನುಗಿತು. ಈ ಸಲ ಸ್ಟೂಲು ಹುಡುಕಲಿಲ್ಲ.

ಗುಂಡಿಯಮ್ಮನ ಮಗಳು ಕೈಚೀಲವನ್ನು ನೆಲಕ್ಕಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು. ನಮ್ಮಮ್ಮನ ಕುರ್ಚಿ. ಕೈಗಳು ಕಾಣಲೆಂದು ಕಿಟಕಿಯ ಬೆಳಕಿಗೆ ಸರಿಯಾಗಿ ಹಾಕಿದ್ದು. ಸಮಾಧಿಯ ಹತ್ತಿರ ಹೋಗಿ ತನ್ನಮ್ಮನಿಗೆ ಮೂರು ಮಾತು ಹೇಳಬೇಕಂತೆ, ಚೀಟಿಯಿಲ್ಲದೆ. ಯಾವ ಮೂರು ಎಂದು ಹೇಳಿದಳು. ಕಲಿಸಿದೆ. ಅವು ಅವಳವು, ಇಲ್ಲಿ ಬರೆಯುವುದಿಲ್ಲ. ಬೆರಳು ಬಹಳ ಬಿಗಿ, ತಾಯಿಯ ಹಾಗಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು, "ಅಮ್ಮ ನಿಮ್ಮನ್ನ ಏನಂತ ಕರೀತಿದ್ದಳು?" ಎಂದಳು.

ತೋರಿಸಿದೆ. ಅವಳು ಕನ್ನಡಿ ನೋಡಿಕೊಂಡವಳಂತೆ ತನ್ನ ಬಲಗೆನ್ನೆ ತಟ್ಟಿದಳು. ಹೊಸಬರೆಲ್ಲ ಮಾಡುವ ತಪ್ಪು. ಹೋಗಲಿ ಎಂದು ಬಿಡಲು ಮನಸ್ಸು ಬರಲಿಲ್ಲ. ಕೈ ಹಿಡಿದು ಎಡಗೆನ್ನೆಗೆ ತಂದೆ.

ಎರಡನೆಯ ಸಲ ಸರಿಯಾಗಿ ಕರೆದಳು.